ಹದಿನಾಲ್ಕು ಕೋಲು, ಒಂದು ಹೆಗಲು

ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಅಕ್ಕಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಒಂದು ಬೆಳಗ್ಗೆ ನನ್ನ ಗಾಲ್ಫ್ ಚೀಲವನ್ನು ಇಟ್ಟೆ. 10 ಕಿಲೊ 400 ಗ್ರಾಂ. ಅಂಗಡಿಯವರು ಬಗ್ಗಿ ನೋಡಿ, “ಇದೇನು ಮಾರಾಯರೇ, ಹಾರೆ ಪಿಕ್ಕಾಸು ತುಂಬಿಸಿಕೊಂಡು ಹೊರಟಿದ್ದೀರಾ?” ಎಂದರು. ಕೋಲುಗಳನ್ನೆಲ್ಲ ಹೊರಗೆ ತೆಗೆದು ಬರಿಯ ಚೀಲವನ್ನು ಮತ್ತೆ ಇಟ್ಟೆ. 4 ಕಿಲೊ 800 ಗ್ರಾಂ. ಹೊರಬೇಕಾದ ಸಾಮಾನು ಐದೂವರೆ ಕಿಲೊ, ಅದನ್ನು ತುಂಬಿಸುವ ಚೀಲವೇ ಐದು ಕಿಲೊ ಹತ್ತಿರ! ಬೊಂಡದ ಹಾಗೆ: ಕುಡಿಯುವುದು ಒಂದು ಲೋಟ ನೀರು, ಹೊರುವುದು ಇಡೀ ಕಾಯಿ.

ಪಾಲಿಟೆಕ್ನಿಕ್ ಒಂದರಲ್ಲಿ ಯಂತ್ರಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಗಾಲ್ಫ್ ನನಗೆ ತಡವಾಗಿ ಹತ್ತಿಕೊಂಡ ಹುಚ್ಚು. ಮಂಗಳೂರಿನ ಹೊರವಲಯದ ಪಿಲಿಕುಳದಲ್ಲಿ, ನಿಸರ್ಗಧಾಮದ ಮಗ್ಗುಲಲ್ಲಿ ಗಾಲ್ಫ್ ಮೈದಾನವಿದೆ. ಏರುತಗ್ಗಿನ ಜಾಗ, ಹುಲ್ಲಿನ ಕೆಳಗೆ ನಮ್ಮ ಊರಿನ ಮುರಕಲ್ಲು. ಹದಿನೆಂಟು ಕುಳಿಗಳ ಪೂರ್ತಿ ಆಟವೆಂದರೆ ಎಂಟರಿಂದ ಹತ್ತು ಕಿಲೊಮೀಟರ್ ನಡಿಗೆ. ಆಟ ಸುಧಾರಿಸುವ ಆಸೆಯನ್ನು ನಾನು ಬಿಟ್ಟು ಬಹಳ ದಿನವಾಯಿತು. ಆದರೆ ಹೆಗಲ ಮೇಲಿನ ಆ ಐದು ಕಿಲೊ ಯಾಕೆ ಇದೆ ಎಂಬ ಪ್ರಶ್ನೆಯನ್ನು ಬಿಡಲಾಗಲಿಲ್ಲ. ಸೆಕೆಂಡ್‌ಹ್ಯಾಂಡ್ ಆಗಿ ಕೊಂಡಿದ್ದ ಆ ಚೀಲವನ್ನು ಮನೆಯ ಜಗಲಿಯಲ್ಲಿ ಬಿಚ್ಚಿ, ತುಂಡು ತುಂಡನ್ನೂ ತೂಗಿದೆ. ಬಟ್ಟೆ, ಒಳಪದರ, ಸ್ಪಂಜು ಸೇರಿ ಒಂದು ಕಿಲೊಗಿಂತ ಸ್ವಲ್ಪ ಹೆಚ್ಚು. ಬಾಯಿಯ ಪ್ಲಾಸ್ಟಿಕ್ ಚೌಕಟ್ಟು, ತಳದ ತಟ್ಟೆ, ಪಟ್ಟಿ, ಜಿಪ್ಪುಗಳು ತಲಾ ಅರ್ಧ ಕಿಲೊದ ಒಳಗೆ. ಎಲ್ಲಕ್ಕಿಂತ ಭಾರವಾಗಿದ್ದದ್ದು ಹೊರಗೆ ಕಾಣದ ವಸ್ತು: ಬಾಯಿಯಿಂದ ತಳದವರೆಗೆ ಇಳಿದಿದ್ದ ಹದಿನಾಲ್ಕು ಪ್ಲಾಸ್ಟಿಕ್ ಪೈಪುಗಳು. ಒಂದೂಕಾಲು ಕಿಲೊಗೂ ಹೆಚ್ಚು. ಕೋಲು ಕೋಲಿಗೆ ತಾಗದಂತೆ ಮಾಡುವುದಷ್ಟೇ ಅವುಗಳ ಕೆಲಸ.

ಗಾಲ್ಫ್ ಗೊತ್ತಿಲ್ಲದವರಿಗೆ ಒಂದು ಮಾತು. ಈ ಆಟದಲ್ಲಿ ಕ್ಲಬ್ ಎಂದರೆ ಸಂಘವಲ್ಲ, ಚೆಂಡು ಹೊಡೆಯುವ ಕೋಲು. ದೂರ ಹೊಡೆಯಲು ಉದ್ದನೆಯ, ಬುರುಡೆಯಂಥ ತಲೆಯ ಡ್ರೈವರ್. ನಡುವಿನ ದೂರಗಳಿಗೆ ಕಬ್ಬಿಣದ ಚಪ್ಪಟೆ ತಲೆಯ ಐರನ್‌ಗಳು. ಮರಳುಗುಂಡಿಯಿಂದ ಚೆಂಡನ್ನು ಎತ್ತಲು ಗಿಡ್ಡನೆಯ ವೆಜ್. ಕೊನೆಗೆ ಕುಳಿಗೆ ಉರುಳಿಸಲು ಪಟ್ಟರ್. ಒಬ್ಬ ಆಟಗಾರ ಹೆಚ್ಚೆಂದರೆ 14 ಕೋಲು ಒಯ್ಯಬಹುದು ಎಂಬ ನಿಯಮವಿದೆ. ಅಮೆರಿಕದ ಗಾಲ್ಫ್ ಸಂಸ್ಥೆ ಇದನ್ನು 1938ರಲ್ಲಿ ತಂದಿತು, ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಸಂಸ್ಥೆ ಮರುವರ್ಷ ಅನುಸರಿಸಿತು. ಅದಕ್ಕೆ ಮೊದಲು ಮಿತಿಯೇ ಇರಲಿಲ್ಲ. 1934 ಮತ್ತು 1935ರಲ್ಲಿ ಅಮೆರಿಕ, ಬ್ರಿಟನ್ ಎರಡೂ ಕಡೆಯ ಹವ್ಯಾಸಿ ಚಾಂಪಿಯನ್ ಪಟ್ಟ ಗೆದ್ದ ಲಾಸನ್ ಲಿಟಲ್ ಇಪ್ಪತ್ತೈದಕ್ಕೂ ಹೆಚ್ಚು ಕೋಲುಗಳನ್ನು ಒಯ್ಯುತ್ತಿದ್ದುದು ಪ್ರಸಿದ್ಧ. ಹೊರುತ್ತಿದ್ದವನು ಅವನಲ್ಲ, ಪಾಪದ ಕ್ಯಾಡಿ. ಅದಕ್ಕೂ ಹಿಂದೆ, ಹತ್ತೊಂಬತ್ತನೆಯ ಶತಮಾನದ ಬಹುಭಾಗ, ಚೀಲವೇ ಇರಲಿಲ್ಲ. ಕ್ಯಾಡಿಗಳು ಏಳೆಂಟು ಮರದ ಕೋಲುಗಳನ್ನು ಕಂಕುಳಲ್ಲಿ ಕಟ್ಟಿಗೆಯ ಹಾಗೆ ಅವುಚಿಕೊಂಡು ನಡೆಯುತ್ತಿದ್ದರು.

ಡ್ರೈವರ್ ಸುಮಾರು 310 ಗ್ರಾಂ, ಐರನ್‌ಗಳು 400ರ ಮೇಲೆ ಕೆಳಗೆ, ಪಟ್ಟರ್ 500ರ ಆಸುಪಾಸು. ಹದಿನಾಲ್ಕೂ ಸೇರಿದರೆ ಐದೂವರೆ ಕಿಲೊ. ಇದನ್ನು ಮುಟ್ಟುವ ಹಾಗಿಲ್ಲ. ತೂಕ ಬದಲಾದರೆ ಹೊಡೆತವೇ ಬದಲಾಗುತ್ತದೆ. ಕಡಿಮೆ ಮಾಡಬಹುದಾದದ್ದು ಚೀಲದ್ದು ಮಾತ್ರ.

ಹಾಗಾದರೆ ಕೋಲುಗಳನ್ನು ಬೇರೆ ಬೇರೆ ಇಡುವ ಹಟವಾದರೂ ಯಾಕೆ? ಒಂದು ಗೋಣಿಚೀಲಕ್ಕೆ ಎಲ್ಲವನ್ನೂ ತುರುಕಿ ನಡೆದು ನೋಡಿದರೆ ಉತ್ತರ ಕಿವಿಗೇ ಕೇಳಿಸುತ್ತದೆ. ಒಂದೊಂದು ಹೆಜ್ಜೆಗೂ ಐರನ್ ತಲೆಗಳು ಪರಸ್ಪರ ಬಡಿದು, ಪಾತ್ರೆ ವ್ಯಾಪಾರಿಯ ಸೈಕಲ್ ಹೋದಂತೆ ಸದ್ದು. ಬಡಿದು ಮಾಡಿದ ಐರನ್‌ಗಳ ಉಕ್ಕು ಮೆದು. ಆ ಮೆದುತನಕ್ಕಾಗಿಯೇ ಜನ ದುಡ್ಡು ಕೊಡುತ್ತಾರೆ, ಆ ಮೆದುತನದಿಂದಾಗಿಯೇ ಅದರ ಮೇಲೆ ಗುಂಡಿ ಬೀಳುತ್ತದೆ. ತಲೆಯ ಗುಂಡಿ ನೋಡಲು ಅಸಹ್ಯ, ಅಷ್ಟೇ. ಅದಕ್ಕಿಂತ ಗಂಭೀರವಾದದ್ದು ದಂಡದ ಸವೆತ. ಡ್ರೈವರ್‌ನಂಥ ಕೋಲುಗಳ ದಂಡ ಈಗ ಉಕ್ಕಿನದಲ್ಲ, ಗ್ರಾಫೈಟ್‌ನದು. ಎಂದರೆ ಕಾರ್ಬನ್ ಎಳೆಗಳನ್ನು ಅಂಟಿನಲ್ಲಿ ಸುತ್ತಿದ ತೆಳು ಕೊಳವೆ. ಚೀಲದ ಬಾಯಿಯ ಗಡುಸು ಅಂಚಿಗೆ ಅದು ದಿನವೂ ಉಜ್ಜಿದರೆ ಮೊದಲು ಬಣ್ಣ ಹೋಗುತ್ತದೆ, ಆಮೇಲೆ ಎಳೆಗಳು ಕಡಿಯತೊಡಗುತ್ತವೆ. ಗೀರು ಬಿದ್ದ ಕೊಳವೆ ಮುಂದೆ ಎಲ್ಲಿ ಮುರಿಯಬೇಕೆಂಬುದು ಅಲ್ಲಿಗೆ ತೀರ್ಮಾನವಾದಂತೆ.

ಮೂರನೆಯದು ಚೀಲದ ತಳದಲ್ಲಿ, ಕತ್ತಲೆಯಲ್ಲಿ ನಡೆಯುವ ಜಗಳ. ಕೋಲುಗಳನ್ನು ತಲೆ ಮೇಲಾಗಿ, ಹಿಡಿ ಕೆಳಗಾಗಿ ಇಡುತ್ತಾರೆ. ಹಿಡಿಗೆ ರಬ್ಬರ್ ಹೊದಿಕೆ ಇರುತ್ತದೆ. ಕೈ ಜಾರಬಾರದೆಂದು ಅದನ್ನು ಬೇಕೆಂದೇ ಅಂಟುಅಂಟಾಗಿ ಮಾಡಿರುತ್ತಾರೆ. ಹದಿನಾಲ್ಕು ರಬ್ಬರ್ ಹಿಡಿಗಳು ಒಂದೇ ಗುಂಡಿಯಲ್ಲಿ ಕೂತರೆ ಒಂದನ್ನು ಎಳೆದಾಗ ಮೂರು ಏಳುತ್ತವೆ. ಮಳೆಗಾಲದಲ್ಲಿ ಇನ್ನೂ ವಿಪರೀತ. ಆಟಗಾರ ಎಡಗೈಯಲ್ಲಿ ಚೀಲ ಒತ್ತಿ ಹಿಡಿದು, ಬಲಗೈಯಲ್ಲಿ ಕೋಲು ಕೀಳುವುದನ್ನು ಕಂಡರೆ ಗೆಣಸು ಕೀಳುವ ದೃಶ್ಯ ನೆನಪಾಗುತ್ತದೆ.

ಬಾಯಲ್ಲಿ ತಲೆಗಳ ಬಡಿತ, ಅಂಚಿನಲ್ಲಿ ದಂಡದ ಉಜ್ಜಾಟ, ತಳದಲ್ಲಿ ಹಿಡಿಗಳ ತೊಡಕು. ಮೂರೂ ಬೇರೆ ಬೇರೆ ಕಡೆಯ ತೊಂದರೆ, ಬೇರೆ ಬೇರೆ ಕಾರಣದ ತೊಂದರೆ. ಪೈಪಿನ ಚೀಲ ಮೂರಕ್ಕೂ ಒಂದೇ ಮದ್ದು ಕೊಡುತ್ತದೆ, ಭಾರ ಬರುವುದು ಅಲ್ಲಿಂದಲೇ. 40 ಮಿಲಿಮೀಟರ್ ಅಗಲ, 85 ಸೆಂಟಿಮೀಟರ್ ಉದ್ದ, ಒಂದು ಮಿಲಿಮೀಟರ್ ದಪ್ಪದ ಗೋಡೆ ಇರುವ ಪ್ಲಾಸ್ಟಿಕ್ ಪೈಪಿನಲ್ಲಿ ಸುಮಾರು 107 ಘನ ಸೆಂಟಿಮೀಟರ್ ಪ್ಲಾಸ್ಟಿಕ್ ಇರುತ್ತದೆ. ಪಾಲಿಥೀನ್ ನೀರಿಗಿಂತ ಸ್ವಲ್ಪ ಹಗುರ. ಅಲ್ಲಿಗೆ ಒಂದು ಪೈಪು 100 ಗ್ರಾಂ, ಹದಿನಾಲ್ಕಕ್ಕೆ 1,400. ಅದೇ ಅಳತೆಯ ಹದಿನಾಲ್ಕು ಕೊಳವೆಗಳನ್ನು ಚದರ ಮೀಟರಿಗೆ 100 ಗ್ರಾಂ ತೂಗುವ ಜಾಲರಿ ಬಟ್ಟೆಯಲ್ಲಿ ಹೊಲಿದರೆ ಒಂದೂವರೆ ಚದರ ಮೀಟರ್ ಬಟ್ಟೆ, 150 ಗ್ರಾಂ. ಸುಮಾರು ಒಂಬತ್ತರಲ್ಲಿ ಒಂದು ಪಾಲು.

ಪೈಪಿಗೆ ಇನ್ನೊಂದು ತೊಡಕೂ ಇದೆ. ಒಂದು ದೊಡ್ಡ ವೃತ್ತದೊಳಗೆ ಹದಿನಾಲ್ಕು ಸಮ ವೃತ್ತಗಳನ್ನು ಎಷ್ಟೇ ಜಾಣತನದಿಂದ ಜೋಡಿಸಿದರೂ ಹೊರವೃತ್ತದ ಅಗಲ ಒಳವೃತ್ತದ ಅಗಲದ 4.33 ಪಟ್ಟಾದರೂ ಇರಲೇಬೇಕು. ಚೀಲದ ಬಾಯಿ ಸಾಮಾನ್ಯವಾಗಿ ಎಂಟೂವರೆ ಇಂಚು, ಅಂದರೆ 216 ಮಿಲಿಮೀಟರ್. ಒಂದೊಂದು ಕೋಲಿಗೆ ಸಿಗುವುದು 50 ಮಿಲಿಮೀಟರ್. ತಳ ಇನ್ನೂ ಕಿರಿದು. ಅದು 180 ಆದರೆ ತಲಾ 41, ಅದರಲ್ಲೂ ಪೈಪಿನ ಗೋಡೆ ಕಳೆಯಬೇಕು. ಸಾಮಾನ್ಯ ಹಿಡಿಯ ತುದಿ 27 ಮಿಲಿಮೀಟರ್ ಇರುವುದರಿಂದ ಹೇಗೋ ಇಳಿಯುತ್ತದೆ. ಈಗಿನ ದಪ್ಪ ಹಿಡಿಯ ಪಟ್ಟರ್ ಇಳಿಯುವುದಿಲ್ಲ, ಇಳಿದರೆ ಏರುವುದಿಲ್ಲ. ಒದ್ದೆ ರಬ್ಬರ್ ಪೈಪಿನ ಗೋಡೆಗೆ ಅಂಟಿ ಸಿರಿಂಜಿನ ಪಿಸ್ಟನ್‌ನಂತೆ ಗಾಳಿ ಎಳೆದುಕೊಳ್ಳುವುದೂ ಉಂಟು. ಬೇರ್ಪಡಿಸಲೆಂದು ಹಾಕಿದ ಗೋಡೆಯೇ ಕೋಲನ್ನು ಹಿಡಿದಿಟ್ಟುಕೊಳ್ಳುವುದು ತಮಾಷೆಯಾಗಿ ಕೇಳಿಸಬಹುದು, ಹಿಂದೆ ನಾಲ್ವರು ಕಾಯುತ್ತಾ ನಿಂತಿರುವಾಗ ಹಾಗೆ ಕೇಳಿಸುವುದಿಲ್ಲ.

ಆದ್ದರಿಂದ ನನ್ನ ಮೊದಲ ಯೋಚನೆ ಬಹಳ ಸರಳವಾಗಿತ್ತು. ಕೋಲು ಕೋಲಿಗೆ ತಾಗಿ ತೊಂದರೆ ಮಾಡುವುದು ಎರಡೇ ಕಡೆ, ಮೇಲೆ ಮತ್ತು ಕೆಳಗೆ. ನಡುವಿನ ಎಪ್ಪತ್ತು ಸೆಂಟಿಮೀಟರ್ ಉದ್ದಕ್ಕೂ ದಂಡಗಳು ಒಂದರ ಪಕ್ಕ ಒಂದು ಸುಮ್ಮನೆ ಇರುತ್ತವೆ. ಹಾಗಿದ್ದರೆ ಮೇಲೆ ಗೂಡುಗಳಿರುವ ಒಂದು ಗಟ್ಟಿ ಬಳೆ, ಕೆಳಗೆ ಮೊಟ್ಟೆಯ ತಟ್ಟೆಯಂಥ ಗುಳಿಗಳು, ನಡುವೆ ಏನೂ ಬೇಡ. ನಡುವಿನದ್ದನ್ನು ತೆಗೆದರೆ ತೂಕವೇ ಹೋಯಿತಲ್ಲ! ದೋಣಿಗಳಿಗೆ ಫೈಬರ್ ಹಚ್ಚುವವರಿಂದ ಒಂದು ಬಳೆ ಮಾಡಿಸಿದೆ. ತಳಕ್ಕೆ ಚಪ್ಪಲಿ ಮಾಡುವ, ಈವಿಎ ಎಂಬ ಮೆತ್ತನೆಯ ಸ್ಪಂಜಿನಂಥ ಹಾಳೆಯನ್ನು ತಂದು ಗುಳಿ ಕೊರೆದೆ. ಮೈ ಹೊಲಿಸಲು ಬಂದರಿನಲ್ಲಿ ಟಾರ್ಪಾಲು ಹೊಲಿಯುವ ಹಿರಿಯರೊಬ್ಬರ ಬಳಿ ಹೋದೆ. ಅವರನ್ನು ನಾನು ಕರೆಯುವುದು ಕಾಕ ಎಂದು, ಅವರು ನನ್ನನ್ನು ಕರೆಯುವುದು ಮಾಸ್ಟ್ರೇ ಎಂದು.

ಚೀಲ ಹಗುರವಾಗಿ ಬಂತು. ಪಿಲಿಕುಳದಲ್ಲಿ ಮೊದಲ ಕುಳಿಯಲ್ಲೇ ಅದರ ಬಣ್ಣ ಬಯಲಾಯಿತು. ಮೇಲಿನ ಗೂಡಿನಿಂದ ಬಿಟ್ಟ ಕೋಲು ಎಂಬತ್ತು ಸೆಂಟಿಮೀಟರ್ ಕೆಳಗಿನ ತನ್ನ ಗುಳಿಯನ್ನು ಕಣ್ಣುಮುಚ್ಚಿ ಹುಡುಕಬೇಕು. ಹತ್ತರಲ್ಲಿ ಆರು ಸಲ ಅದು ಪಕ್ಕದ ಗುಳಿಗೆ ಹೋಯಿತು. ಅಲ್ಲಿ ಆಗಲೇ ಇನ್ನೊಂದು ಹಿಡಿ ಕೂತಿದ್ದರೆ ಅದರ ಮೇಲೇ ನಿಂತಿತು. ಎಂಟನೆಯ ಕುಳಿಯ ಹೊತ್ತಿಗೆ ಒಳಗೆಲ್ಲ ದಂಡಗಳು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡು ಹಳೆಯ ಗೋಣಿಚೀಲಕ್ಕಿಂತ ಕಷ್ಟವಾಯಿತು. ನಡುವೆ ಏನೂ ಬೇಡ ಎಂದದ್ದು ತಪ್ಪು. ನಡುವೆ ಗೋಡೆ ಬೇಡ, ದಾರಿ ಬೇಕು. ಇವೆರಡೂ ಬೇರೆ ಎಂಬುದು ನನಗೆ ಹೊಳೆದದ್ದು ಆವತ್ತೇ. ಗೋಡೆಗೆ ಗಟ್ಟಿತನ ಬೇಕು, ದಾರಿ ತೋರಿಸಲು ಸೊಳ್ಳೆಪರದೆಯಷ್ಟು ಬಟ್ಟೆ ಸಾಕು. ಆದರೆ ಆ ಬಟ್ಟೆ ಸದಾ ಎಳೆದು ಬಿಗಿಯಾಗಿರಬೇಕು. ಜೋತುಬಿದ್ದರೆ ಹಿಡಿಯ ತುದಿ ಅದರ ಮಡಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ.

ಎಳೆತದಿಂದ ಗಟ್ಟಿತನ ಬರುತ್ತದೆ ಎಂಬುದು ನಮ್ಮ ಕಡೆಯವರಿಗೆ ಹೊಸದಲ್ಲ. ಅಕ್ಕಿ ಮುಡಿಯನ್ನು ನೋಡಿದವರಿಗೆ ಗೊತ್ತು: ಬೈಹುಲ್ಲು ಮೆತ್ತಗೆ, ಹುಲ್ಲಿನ ಹಗ್ಗ ಮೆತ್ತಗೆ, ಅಕ್ಕಿಯಂತೂ ಹರಿದಾಡುವ ವಸ್ತು. ಮೂರನ್ನೂ ಸೇರಿಸಿ ಹಗ್ಗವನ್ನು ಸುತ್ತಿ ಎಳೆದು ಕಟ್ಟಿದರೆ ಕಲ್ಲಿನ ಗುಂಡಿನಂತೆ ಉರುಳಿಸಬಹುದಾದ ಮುಡಿ. ಹಗುರ ಗಾಲ್ಫ್ ಚೀಲದ ಗುಟ್ಟೂ ಅದೇ. ಮೇಲಿನ ಬಳೆ ಮತ್ತು ಕೆಳಗಿನ ತಟ್ಟೆ ಎರಡೇ ಗಟ್ಟಿ. ಅವೆರಡನ್ನೂ ದೂರ ತಳ್ಳಿ ಹಿಡಿಯಲು ಮೂರು ತೆಳು ಕಂಬಗಳು. ಉಳಿದದ್ದೆಲ್ಲ ಎಳೆದ ಬಟ್ಟೆ. ಚೀಲ ನೆಲದ ಮೇಲಿದ್ದಾಗ ಕೋಲುಗಳ ಭಾರ ನೇರವಾಗಿ ತಟ್ಟೆಯ ಮೂಲಕ ನೆಲಕ್ಕೆ ಹೋಗುತ್ತದೆ. ಹೆಗಲ ಮೇಲಿದ್ದಾಗ ಅದೇ ಭಾರ ತಳದಿಂದ ಬಟ್ಟೆಯ ಎಳೆಗಳಗುಂಟ ಮೇಲೆ ಹತ್ತಿ ಪಟ್ಟಿಗೆ ಸೇರುತ್ತದೆ. ಬಟ್ಟೆ ಎಳೆತಕ್ಕೆ ಎಂದೂ ಹೆದರುವುದಿಲ್ಲ.

ಕಂಬ ಎಂದರೆ ದಪ್ಪ ಸರಳು ಬೇಕಿಲ್ಲ. 12 ಮಿಲಿಮೀಟರ್ ಹೊರ ಅಗಲ, 10 ಒಳ ಅಗಲದ ಅಲ್ಯೂಮಿನಿಯಂ ಕೊಳವೆ 85 ಸೆಂಟಿಮೀಟರ್ ಉದ್ದಕ್ಕೆ 80 ಗ್ರಾಂ ತೂಗುತ್ತದೆ. ಅದೇ 80 ಗ್ರಾಂ ಅಲ್ಯೂಮಿನಿಯಂ ಅನ್ನು ಗಟ್ಟಿ ಸರಳಾಗಿ ಎಳೆದರೆ ಆರೂವರೆ ಮಿಲಿಮೀಟರ್ ದಪ್ಪ ಬಂದೀತು, ಬಾಗುವುದನ್ನು ತಡೆಯುವ ಶಕ್ತಿ ಐದನೆಯ ಒಂದು ಪಾಲೂ ಇರುವುದಿಲ್ಲ. ಬಾಗುವಾಗ ಕೆಲಸ ಮಾಡುವುದು ಹೊರಮೈಯ ವಸ್ತು, ನಡುವಿನದ್ದು ಸುಮ್ಮನೆ ಕೂತು ಸಂಬಳ ತೆಗೆದುಕೊಳ್ಳುತ್ತದೆ. ಬಿದಿರು ಟೊಳ್ಳಾಗಿರುವುದು ಬಡತನದಿಂದಲ್ಲ.

ಎರಡನೆಯ ಚೀಲ ಹೀಗೆ ಬಂತು. ಜಾಲರಿ ಕೊಳವೆಗಳು ಮೇಲಿನ ಗೂಡಿನಿಂದ ಕೆಳಗಿನ ಗುಳಿಯವರೆಗೆ ಬಿಗಿಯಾಗಿ ಇಳಿದಿದ್ದವು. ಕೋಲು ಬಿಟ್ಟರೆ ಸರಿಯಾದ ಜಾಗಕ್ಕೆ ಹೋಗಿ ಟಪ್ಪೆಂದು ಕೂರುತ್ತಿತ್ತು. ಒಂದು ವಾರ ಸಂತೋಷವಾಗಿದ್ದೆ. ಆಮೇಲೆ ಒಂದು ದಿನ ಕೋಲುಗಳು ಅರ್ಧ ದಾರಿಯಲ್ಲಿ ನಿಲ್ಲತೊಡಗಿದವು. ಬಗ್ಗಿ ನೋಡಿದರೆ ಮೇಲಿನ ಬಳೆ ತಳದ ತಟ್ಟೆಗೆ ಹೋಲಿಸಿದರೆ ಎರಡು ಬೆರಳು ಪಕ್ಕಕ್ಕೆ ತಿರುಗಿತ್ತು. ಒದ್ದೆ ಪಂಚೆಯನ್ನು ಹಿಂಡಲು ಶುರುಮಾಡಿದಾಗ ಅದರ ನಡು ಹೇಗೆ ಕಿರಿದಾಗುತ್ತದೆಯೋ ಹಾಗೆ ಎಲ್ಲ ಕೊಳವೆಗಳ ನಡುವೂ ಕಿರಿದಾಗಿತ್ತು.

ಹಗುರ ಚೀಲಗಳ ನಿಜವಾದ ಶತ್ರು ಈ ತಿರುಚು. ಭಾರ ಹೊರುವ ಶಕ್ತಿ, ಬಾಳಿಕೆ ಇವೆಲ್ಲ ಜಾಹೀರಾತಿನಲ್ಲಿ ಬರುತ್ತವೆ. ತಿರುಚಿನ ಬಗ್ಗೆ ಯಾರೂ ಮಾತನಾಡುವುದಿಲ್ಲ. ಒಂಟಿ ಹೆಗಲಿಗೆ ಹಾಕಿದಾಗ ಪಟ್ಟಿ ಚೀಲವನ್ನು ಒಂದು ಮಗ್ಗುಲಿನಿಂದ ಎಳೆಯುತ್ತದೆ. ತಳ್ಳುಗಾಡಿಯಲ್ಲಿ ಇಟ್ಟಾಗ ಮೇಲ್ಭಾಗ ಬಿಗಿದಿರುತ್ತದೆ, ಬುಡ ಏರಿಳಿತಕ್ಕೆ ಜಾರುತ್ತದೆ. ಬಾಯಿಯ ಹಿಡಿಕೆ ಹಿಡಿದು ಎತ್ತಿದಾಗಲೆಲ್ಲ ಒಂದಿಷ್ಟು. ದಪ್ಪ ಪೈಪುಗಳ ಚೀಲ ಇದನ್ನು ತನ್ನ ದಡ್ಡ ಬಲದಿಂದಲೇ ತಡೆಯುತ್ತದೆ. ಪೈಪು ತೆಗೆದಾಗ ನಾವು ಅರಿಯದೆ ಆ ತಡೆಯನ್ನೂ ತೆಗೆದಿರುತ್ತೇವೆ.

ಮೂರು ಕಂಬಗಳಿದ್ದವಲ್ಲ, ಅವು ಯಾಕೆ ತಡೆಯಲಿಲ್ಲ? ಕಂಬಗಳು ಎತ್ತರವನ್ನು ಕಾಯುತ್ತವೆ, ಕೋನವನ್ನಲ್ಲ. ಸಡಿಲವಾದ ಮರದ ಮೇಜಿನ ನಾಲ್ಕೂ ಕಾಲುಗಳು ಸರಿಯಾಗಿಯೇ ಇರುತ್ತವೆ, ಮೇಜು ಮಾತ್ರ ಓಲಾಡುತ್ತದೆ. ಬಡಗಿ ಬಂದು ಓರೆಯಾಗಿ ಒಂದು ಪಟ್ಟಿ ಹೊಡೆದರೆ ನಿಲ್ಲುತ್ತದೆ. ಇನ್ನು ಬಟ್ಟೆ? ಕರವಸ್ತ್ರವೊಂದನ್ನು ತೆಗೆದುಕೊಂಡು ಅಂಚಿನುದ್ದಕ್ಕೆ ಎಳೆದು ನೋಡಿ, ಜಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಎಳೆದರೆ ರಬ್ಬರಿನಂತೆ ಜಗ್ಗುತ್ತದೆ. ಹಾಸು ಹೊಕ್ಕಿನ ನೂಲುಗಳು ತಮ್ಮ ದಿಕ್ಕಿನಲ್ಲಷ್ಟೇ ಗಟ್ಟಿ. ಓರೆ ದಿಕ್ಕಿನಲ್ಲಿ ನೂಲೇ ಇಲ್ಲ. ಚೀಲದ ಮೈಯಲ್ಲಿ ನೂಲುಗಳು ನೆಟ್ಟಗೆ ಮತ್ತು ಅಡ್ಡಕ್ಕೆ ಇರುತ್ತವೆ, ತಿರುಚುವ ಬಲ ಬರುವುದು ನಲವತ್ತೈದು ಡಿಗ್ರಿ ಓರೆಯಲ್ಲಿ. ಬಟ್ಟೆ ಎಲ್ಲಿ ಅತ್ಯಂತ ದುರ್ಬಲವೋ ಅಲ್ಲಿಗೇ ಹೊಡೆತ.

ಇದನ್ನು ಕಾಕನಿಗೆ ವಿವರಿಸಲು ಹೋದೆ. ಅರ್ಧಕ್ಕೆ ನಿಲ್ಲಿಸಿ, “ಮಾಸ್ಟ್ರೇ, ಇದು ರವಿಕೆ ಹೊಲಿಯುವ ಹೆಂಗಸರಿಗೆಲ್ಲ ಗೊತ್ತಿರುವ ವಿಷಯ. ಕ್ರಾಸ್ ಕಟಿಂಗ್” ಎಂದರು. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ರವಿಕೆ ಮೈಗೆ ಒಗ್ಗಿ ಜಗ್ಗುತ್ತದೆ. ನಮಗೆ ಬೇಕಾದದ್ದು ಅದರ ತಿರುಗುಮುರುಗು: ಓರೆಯಾಗಿ ಕತ್ತರಿಸಿ ಸುತ್ತಿದರೆ ನೂಲುಗಳೇ ಓರೆಗೆ ಬಂದು ತಿರುಚನ್ನು ತಡೆಯುತ್ತವೆ. ಆದರೆ ಆಗ ಉದ್ದಕ್ಕೆ ಜಗ್ಗುತ್ತದೆ, ಬಟ್ಟೆಯೂ ಬಹಳ ಹಾಳಾಗುತ್ತದೆ. ಕಾಕ ಸೂಚಿಸಿದ ದಾರಿ ಅಗ್ಗದ್ದು. ಬಟ್ಟೆ ನೆಟ್ಟಗೇ ಇರಲಿ, ಅದರ ಮೇಲೆ ಬಾಯಿಯಿಂದ ಬುಡಕ್ಕೆ ತೆಳುವಾದ ಪಾಲಿಯೆಸ್ಟರ್ ಪಟ್ಟಿಯನ್ನು ಎರಡೂ ಕಡೆಗೆ ಓರೆಯಾಗಿ, ಒಂದನ್ನೊಂದು ದಾಟುವಂತೆ ಹೊಲಿಯುವುದು. ಲಾರಿಯ ಮೇಲೆ ಟಾರ್ಪಾಲು ಹಾಸಿ ಹಗ್ಗವನ್ನು ಓರೆ ಎಳೆಯುವುದನ್ನು ಅವರು ಜೀವಮಾನವೆಲ್ಲ ನೋಡಿದವರು. ಐದು ಮೀಟರ್ ಪಟ್ಟಿ, ನಲವತ್ತು ಗ್ರಾಂ. ತಿರುಚು ನಿಂತಿತು. ಹಾಯಿಬಟ್ಟೆ ಮಾಡುವ ಕಾರ್ಖಾನೆಗಳು ಪದರಗಳ ನಡುವೆ ಓರೆ ಎಳೆಗಳನ್ನು ಅಂಟಿಸಿ ಮಾರುವ ದುಬಾರಿ ಬಟ್ಟೆಯಲ್ಲಿರುವುದೂ ಇದೇ ತತ್ವ. ಬಂದರಿನ ಹೊಲಿಗೆ ಯಂತ್ರದಲ್ಲಿ ಅದು ಸಾಧ್ಯವಾದದ್ದು ನೋಡಿ ನನಗೆ ನನ್ನ ಮೂವತ್ತು ವರ್ಷದ ಪಾಠಗಳ ಬಗ್ಗೆ ಸ್ವಲ್ಪ ನಾಚಿಕೆಯೇ ಆಯಿತು.

ಬಟ್ಟೆಯ ಆಯ್ಕೆಯಲ್ಲಿ ನಮ್ಮ ಊರಿನ ಹವೆಗೂ ಒಂದು ಮಾತಿದೆ. ನೂಲಿನ ದಪ್ಪವನ್ನು ಡೆನಿಯರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರ್. ಶಾಲೆಯ ಚೀಲಗಳಿಗೆ ಬಳಸುವ 600 ಡೆನಿಯರ್ ಬಟ್ಟೆ ಲೇಪನ ಸೇರಿ ಚದರ ಮೀಟರಿಗೆ 250ರಿಂದ 300 ಗ್ರಾಂ ಬರುತ್ತದೆ. 210 ಡೆನಿಯರ್‌ನದ್ದು ಅದರ ಅರ್ಧಕ್ಕಿಂತ ಹೆಚ್ಚಿಲ್ಲ. ಜೇಬುಗಳೂ ಸೇರಿ ಎರಡು ಚದರ ಮೀಟರ್ ಬೇಕಾಗುವುದರಿಂದ ಇಲ್ಲೊಂದು 300 ಗ್ರಾಂ ಉಳಿತಾಯ. ಹಗುರ ಚೀಲಗಳಲ್ಲಿ ಬಹಳಷ್ಟು ನೈಲಾನ್‌ನವು, ಯಾಕೆಂದರೆ ಅದೇ ತೂಕಕ್ಕೆ ನೈಲಾನ್ ಹೆಚ್ಚು ಗಟ್ಟಿ. ಆದರೆ ನೈಲಾನ್ ಗಾಳಿಯ ತೇವವನ್ನು ತನ್ನ ತೂಕದ ಶೇಕಡಾ 4ರಷ್ಟು ಹೀರಿ ಉದ್ದವಾಗುತ್ತದೆ, ಪಾಲಿಯೆಸ್ಟರ್ ಹೀರುವುದು ಶೇಕಡಾ 0.4 ಮಾತ್ರ. ಮಳೆಯಲ್ಲಿ ನೈಲಾನ್ ಡೇರೆ ಜೋಲುವುದು ಇದರಿಂದಲೇ. ಎಳೆತದ ಮೇಲೆಯೇ ನಿಂತ ಚೀಲಕ್ಕೆ ಇದು ಸಣ್ಣ ಸಂಗತಿಯಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಅಲಮಾರಿಯೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುವ ಊರಿನಲ್ಲಿ ಒಳಗಿನ ಕೊಳವೆಗಳಿಗೆ ಪಾಲಿಯೆಸ್ಟರ್ ಜಾಲರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಜಾಲರಿಯಾದರೆ ನೀರು ನಿಲ್ಲುವುದಿಲ್ಲ, ತಳದ ಗುಳಿಗಳಿಗೆ ಒಂದೊಂದು ತೂತು ಕೊರೆದರೆ ಮುಗಿಯಿತು. ಆ ತೂತು ಮರೆತವರ ಹಿಡಿಗಳು ನೀರಲ್ಲೇ ನೆನೆಯುತ್ತಿರುತ್ತವೆ. ಜಿಪ್ಪು ಪ್ಲಾಸ್ಟಿಕ್ಕಿನದ್ದೇ ಇರಲಿ. ಉಪ್ಪುಗಾಳಿಗೆ ಲೋಹದ ಜಿಪ್ಪು ಎರಡು ಮಳೆಗಾಲ ಕಾಣುವುದು ಕಷ್ಟ.

ಕಾಲುಗಳ ವಿಷಯ. ಚೀಲವನ್ನು ನೆಲಕ್ಕೆ ಇಟ್ಟೊಡನೆ ಎರಡು ಕಾಲು ತಾವೇ ಚಾಚಿಕೊಂಡು ನಿಲ್ಲುವ ಮಾದರಿಯನ್ನು 1980ರ ದಶಕದಲ್ಲಿ ಅಮೆರಿಕದ ಸನ್ ಮೌಂಟನ್ ಕಂಪನಿ ಜನಪ್ರಿಯಗೊಳಿಸಿತು. ತಳದ ತಟ್ಟೆಯ ಒಂದು ಅಂಚು ಕೀಲಿನಂತೆ ಮಡಿಯುತ್ತದೆ. ಚೀಲವನ್ನು ಓರೆಗೆ ಒರಗಿಸಿದಾಗ ಆ ಮಡಿಕೆ ಒಂದು ತಂತಿಯನ್ನು ಮೇಲಕ್ಕೆ ತಳ್ಳುತ್ತದೆ, ತಂತಿ ಕಾಲುಗಳನ್ನು ಹೊರಕ್ಕೆ ದೂಡುತ್ತದೆ. ಎತ್ತಿದಾಗ ಎಲ್ಲ ಮರಳಿ ಒಳಕ್ಕೆ. ಸೊಗಸಾದ ಯಂತ್ರ, ಮುನ್ನೂರು ಗ್ರಾಂ ಬೇಡುತ್ತದೆ. ಕೊಡಬಹುದು. ಒದ್ದೆ ಹುಲ್ಲಿನ ಮೇಲೆ ಚೀಲ ಮಲಗಿಸಿ, ಹದಿನೆಂಟು ಕುಳಿಗಳಲ್ಲೂ ಬಗ್ಗಿ ಎತ್ತುವವನ ಸೊಂಟವನ್ನು ಕೇಳಿದರೆ ಅದು ಹೌದೆನ್ನುತ್ತದೆ.

ಇವನ್ನೆಲ್ಲ ಕಾರ್ಬನ್ ಫೈಬರ್‌ನಲ್ಲಿ ಮಾಡಬಾರದೇ ಎಂದು ಪುತ್ತೂರಿನ ನನ್ನ ಭಾವ ಕೇಳಿದರು. ಅವರ ತೋಟದಲ್ಲಿ ಅಡಿಕೆ ಕೊಯ್ಯುವುದು, ಬೋರ್ಡೊ ದ್ರಾವಣ ಹೊಡೆಯುವುದು ಎಲ್ಲ ಈಗ ಕಾರ್ಬನ್ ಫೈಬರ್ ದೋಟಿಯಲ್ಲಿ, ನೆಲದ ಮೇಲೆ ನಿಂತುಕೊಂಡೇ. ಆ ಎತ್ತರಕ್ಕೆ ಅಲ್ಯೂಮಿನಿಯಂ ದೋಟಿ ಚಾಚಿ ಹಿಡಿಯಲು ಎರಡು ಹೆಗಲು ಸಾಲುವುದಿಲ್ಲ. ಅಲ್ಲಿ ಕಾರ್ಬನ್‌ಗೆ ಕೊಟ್ಟ ಬೆಲೆ ಸಾರ್ಥಕ. ಚೀಲದಲ್ಲಿ ಮೂರು ಕಂಬ, ಎರಡು ಕಾಲು ಬದಲಾಯಿಸಿದರೆ ಉಳಿಯುವುದು ಸುಮಾರು 160 ಗ್ರಾಂ. ಕಾರ್ಬನ್ ಕೊಳವೆ ಬಾಗುವುದಕ್ಕೆ ಹೆದರದು, ಮುರಕಲ್ಲಿನ ಮೊನೆಗೆ ಪಕ್ಕದಿಂದ ಬಡಿದರೆ ಬಿರಿಯುತ್ತದೆ. ಅಲ್ಯೂಮಿನಿಯಂ ತಾಗಿದ ಕಡೆ ಉಪ್ಪಿನ ತೇವ ಸೇರಿದರೆ ಇವೆರಡೂ ಬ್ಯಾಟರಿಯ ಎರಡು ತುದಿಗಳಂತೆ ವರ್ತಿಸಿ ಅಲ್ಯೂಮಿನಿಯಂ ತಿನ್ನಿಸಿಕೊಳ್ಳುತ್ತದೆ. ಕಡಲ ಪಕ್ಕ ಇರುವವನು ಆ 160 ಗ್ರಾಂ ಉಳಿಸಲು ಇಷ್ಟೆಲ್ಲ ತಲೆನೋವು ಕೊಳ್ಳಬೇಕಿಲ್ಲ. ಒಂದು ಡಜನ್ ಬದಲು ಎಂಟು ಚೆಂಡು ಒಯ್ದರೆ ಅದಕ್ಕಿಂತ ಹೆಚ್ಚು ಉಳಿಯುತ್ತದೆ. ಒಂದು ಚೆಂಡು 45.93 ಗ್ರಾಂ ಮೀರಬಾರದೆಂಬುದು ನಿಯಮ, ಬಹುತೇಕ ಚೆಂಡುಗಳು ಆ ಅಂಚಿನಲ್ಲೇ ಇರುತ್ತವೆ. ಎಂಟು ಸಾಲದೇ ಎಂದು ಕೇಳಬೇಡಿ, ಪಿಲಿಕುಳದ ಪೊದೆಗಳಿಗೆ ನನ್ನ ವಿಳಾಸ ಗೊತ್ತು.

ಹೆಗಲಿಗೆ ತಿಳಿಯುವುದು ತೂಕ ಮಾತ್ರವಲ್ಲ, ತೂಕ ಎಲ್ಲಿದೆ ಎಂಬುದೂ. ಕೋಲಿನ ಭಾರವೆಲ್ಲ ತಲೆಯ ಕಡೆ ಇರುವುದರಿಂದ ತುಂಬಿದ ಚೀಲದ ಗುರುತ್ವ ಕೇಂದ್ರ ನಡುವಿನಲ್ಲಿರುವುದಿಲ್ಲ, ಮುಕ್ಕಾಲು ಎತ್ತರದ ಹತ್ತಿರ ಇರುತ್ತದೆ. ಚೀಲ ಹಗುರವಾದಷ್ಟೂ ಅದು ಇನ್ನೂ ಮೇಲೇರುತ್ತದೆ. ಪಟ್ಟಿಯ ಎರಡು ತುದಿಗಳು ಈ ಬಿಂದುವಿನ ಎರಡೂ ಕಡೆ ಇರಬೇಕು, ಅದರಲ್ಲೂ ಮೇಲಿನ ತುದಿ ಸಾಕಷ್ಟು ಮೇಲಿರಬೇಕು. ಹಳೆಯ ಭಾರದ ಚೀಲದ ಅಳತೆಯಲ್ಲೇ ಪಟ್ಟಿ ಹೊಲಿದ ನನ್ನ ಹೊಸ ಚೀಲ ಮೊದಲ ಇಳಿಜಾರಿನಲ್ಲಿ ಮುಗ್ಗರಿಸಿ, ಕೋಲುಗಳನ್ನೆಲ್ಲ ಹುಲ್ಲಿಗೆ ಸುರಿಯಿತು. ಬಿಚ್ಚಿ ಒಂದು ಗೇಣು ಮೇಲೆ ಹೊಲಿಸಿದೆವು.

ಕೊನೆಗೆ ಉಳಿದದ್ದು ಗೂಡುಗಳ ಸಂಖ್ಯೆ. ಹದಿನಾಲ್ಕು ಕೋಲಿಗೆ ಹದಿನಾಲ್ಕು ಗೂಡು ಎಂಬುದು ಲೆಕ್ಕಕ್ಕೆ ಚೆಂದ. ಅದಕ್ಕೊಂದು ನಿಜವಾದ ಲಾಭವೂ ಇದೆ: ಖಾಲಿ ಗೂಡು ಕಣ್ಣಿಗೆ ಹೊಡೆಯುವುದರಿಂದ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಅಂಚಿನಲ್ಲಿ ವೆಜ್ ಮರೆತು ಬರುವುದು ತಪ್ಪುತ್ತದೆ. ಆದರೆ ಹಗುರ ಚೀಲಕ್ಕೆ ನಾನು ಏಳು ಗೂಡುಗಳಿಗೆ ಬಂದು ನಿಂತೆ. ಒಂದು ರೂಪಾಯಿ ನಾಣ್ಯದ ಸುತ್ತ ಆರು ನಾಣ್ಯಗಳು ಸಂದಿಲ್ಲದೆ ಸರಿಯಾಗಿ ಕೂರುತ್ತವೆ. ಏಳು ವೃತ್ತಗಳ ಜೋಡಣೆಯಷ್ಟು ಜಾಗ ಉಳಿಸುವ ಜೋಡಣೆಗಳು ಕಡಿಮೆ. ಎಂಟೂವರೆ ಇಂಚಿನ ಬಾಯಲ್ಲಿ ಒಂದೊಂದಕ್ಕೆ 72 ಮಿಲಿಮೀಟರ್ ಸಿಗುತ್ತದೆ, 27 ಮಿಲಿಮೀಟರಿನ ಎರಡು ಹಿಡಿಗಳು ಆರಾಮವಾಗಿ ಇಳಿಯುತ್ತವೆ.

ಒಂದು ಗೂಡಿನಲ್ಲಿ ಎರಡಿದ್ದರೆ ಬಡಿದಾಡುವುದಿಲ್ಲವೇ? ಯಾವ ಎರಡು ಎಂಬುದರ ಮೇಲೆ ನಿಂತಿದೆ. ಅಕ್ಕಪಕ್ಕದ ನಂಬರಿನ ಐರನ್‌ಗಳ ಉದ್ದದಲ್ಲಿ ಇರುವ ವ್ಯತ್ಯಾಸ ಅರ್ಧ ಇಂಚು ಮಾತ್ರ. ಆರು, ಏಳು ನಂಬರುಗಳನ್ನು ಒಟ್ಟಿಗೆ ಹಾಕಿದರೆ ಎರಡೂ ತಲೆಗಳು ಒಂದೇ ಎತ್ತರದಲ್ಲಿ ಎದುರುಬದುರಾಗಿ ನಿಂತು ಹೊಡೆದಾಡುತ್ತವೆ. ನಾಲ್ಕು ನಂಬರಿನ ಉದ್ದನೆಯದ್ದರ ಜತೆ ಗಿಡ್ಡ ವೆಜ್ ಹಾಕಿ. ಈಗ ವ್ಯತ್ಯಾಸ ಮೂರು ಇಂಚು, ಏಳೂವರೆ ಸೆಂಟಿಮೀಟರ್. ಐರನ್ ತಲೆಯ ಎತ್ತರಕ್ಕಿಂತ ಹೆಚ್ಚು. ಒಂದರ ತಲೆ ಇನ್ನೊಂದರ ಕುತ್ತಿಗೆಯ ಪಕ್ಕ ಬರುತ್ತದೆ, ತಲೆಗೆ ತಲೆ ಸಿಗುವುದಿಲ್ಲ. ಅಂಚಿಗೆಲ್ಲ ಮೆತ್ತನೆ ಬಟ್ಟೆ ಹೊದಿಸಿದರೆ ದಂಡವೂ ಕ್ಷೇಮ. ಡ್ರೈವರ್‌ನಂಥ ಬುರುಡೆ ತಲೆಗಳು ಮಾತ್ರ ಹೆಗಲ ಪಟ್ಟಿಯ ಕಡೆಯ ಗೂಡುಗಳಲ್ಲಿರಬೇಕು, ಚೀಲ ಕಾಲೂರಿ ಒರಗಿದಾಗ ಆ ಕಡೆಯೇ ಮೇಲಾಗುವುದರಿಂದ ಅವು ಉಳಿದವನ್ನು ಮರೆಮಾಡುವುದಿಲ್ಲ. ದಪ್ಪ ಹಿಡಿಯ ಪಟ್ಟರ್‌ಗೆ ಒಳಗೆ ಜಾಗ ಮಾಡುವ ಪ್ರಯತ್ನ ಬಿಟ್ಟು, ಹೊರಗಡೆ ಒಂದು ಕುಣಿಕೆ ಹೊಲಿಸಿದೆ.

ಮುಗಿದ ಚೀಲವನ್ನು ಅದೇ ತಕ್ಕಡಿಗೆ ಒಯ್ದೆ. 1 ಕಿಲೊ 940 ಗ್ರಾಂ. ಅಂಗಡಿಯವರು ಅಂಕೆಯನ್ನು ಎರಡು ಸಲ ನೋಡಿ, ಉಳಿದ ಮೂರು ಕಿಲೊ ಎಲ್ಲಿ ಹೋಯಿತೆಂದು ಕೇಳಿದರು. ಪೈಪುಗಳ ಕಥೆ ಹೇಳಿದೆ. ಓರೆ ಪಟ್ಟಿ, ಏಳು ಗೂಡು ಇದ್ಯಾವುದೂ ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. “ಆ ಹದಿನಾಲ್ಕು ಪೈಪು ಬಿಸಾಡಿದಿರಾ?” ಎಂದರು. ಇಲ್ಲ, ಜಗಲಿಯಲ್ಲಿವೆ ಎಂದೆ. ಸಂಜೆಯೇ ಮಗನನ್ನು ಕಳಿಸಿ ತರಿಸಿಕೊಂಡರು. ಅವರ ಹಿತ್ತಲಿನಲ್ಲಿ ಎಳೆಯ ಬಸಳೆ ಈಗ ಅವುಗಳ ಮೇಲೆ ಹಬ್ಬುತ್ತಿದೆ.